ಕಾಲು ಸುತ್ತಿನ ಬಿಗಿ

ಸ್ಪಾರ್ಕ್ ಪ್ಲಗ್ಗನ್ನು ಕಾಲು ಸುತ್ತು ಮಾತ್ರ ಬಿಗಿ ಮಾಡಿ ಲೈಬ್ರರಿಯನ್ನರು ಸ್ಪ್ಯಾನರ್ ಕೆಳಗಿಟ್ಟದ್ದೇ ಎಲ್ಲ ರಾಮಾಯಣಕ್ಕೂ ಮೂಲವಾಯಿತು.

"ಅಷ್ಟೇನಾ?" ಎಂದು ಕಾಂಪೌಂಡಿನ ಆಚೆಯಿಂದ ದನಿ ಬಂತು. ಪಕ್ಕದ ಮನೆಯ ಡ್ರಿಲ್ ಮಾಸ್ಟರು. ರಿಟೈರಾಗಿ ಎಷ್ಟೋ ಕಾಲವಾಗಿದ್ದರೂ ಮಾತು ಇನ್ನೂ ಮೈದಾನದ ಆ ತುದಿಗೆ ಕೇಳಿಸುವಂತೆಯೇ ಇತ್ತು.

"ಅಷ್ಟೇ ಸರ್. ಮೊದಲು ಕೈಯಲ್ಲೇ ತಿರುಗಿಸಿ ಕೂರಿಸ್ಬೇಕು. ಆಮೇಲೆ ಸ್ಪ್ಯಾನರಲ್ಲಿ ಕಾಲು ಸುತ್ತು. ನಮ್ಮಪ್ಪ ಹೇಳ್ಕೊಟ್ಟಿದ್ದು."

ಕಾರೂ ಅಪ್ಪನದೇ. ಅವತ್ತು ಮಧ್ಯಾಹ್ನದ ರೈಲಿಗೆ ಅಕ್ಕ ಬರುವವಳಿದ್ದಳು, ಬಹಳ ವರ್ಷಗಳ ಮೇಲೆ. ಅವಳನ್ನು ಸ್ಟೇಷನ್ನಿನಿಂದ ಇದೇ ಕಾರಲ್ಲಿ ಕರೆತರಬೇಕೆಂಬುದು ಲೈಬ್ರರಿಯನ್ನರ ಆಸೆ. ಫೋನಿನಲ್ಲಿ ಹೇಳಿದಾಗ ಅಕ್ಕ, "ಇನ್ನೂ ಇದೆಯೇನೋ ಅದು?" ಎಂದವಳು ಫೋನ್ ಇಟ್ಟುಬಿಟ್ಟಿದ್ದಳು. ಅವಳಿಗೆ ಅಳು ಬಂತೆಂದುಕೊಂಡು ಇವರೂ ಕಣ್ಣೊರೆಸಿಕೊಂಡಿದ್ದರು.

ಬಾನೆಟ್ ಎತ್ತಿದೊಡನೆ ಆ ಹಳೇ ಭಾನುವಾರಗಳ ವಾಸನೆಯೇ ಮೇಲೆದ್ದಿತ್ತು. ಅಪ್ಪ ಪ್ಲಗ್ ಬಿಚ್ಚಿ, ಸವೆದ ಹಲ್ಲುಜ್ಜುವ ಬ್ರಷ್ಷಿನಿಂದ ಮಸಿ ತಿಕ್ಕಿ, ಉಫ್ ಎಂದು ಊದಿ, "ಇದಕ್ಕೆ ಬಲ ಬೇಡ ಮಗಾ, ತಾಳ್ಮೆ ಬೇಕು" ಎನ್ನುತ್ತಿದ್ದರು. ಆಮೇಲೆ ಎಲ್ಲರೂ ನದೀದಡಕ್ಕೆ. ಕಿಟಕಿಯ ಗಾಳಿ, ಅಮ್ಮನ ಗುನುಗು.

"ಬಲ ಬೇಡ ಅನ್ನೋದು ಸೋಮಾರಿಗಳ ಮಾತು," ಎನ್ನುತ್ತ ಡ್ರಿಲ್ ಮಾಸ್ಟರು ಒಳಗೇ ಬಂದರು. "ಸಡಿಲ ಇದ್ರೆ ದಾರೀಲಿ ಹಾರ್ಹೋಗತ್ತೆ. ಕೊಡಿ ಇಲ್ಲಿ."

ಗಲಾಟೆ ಕೇಳಿ ಎದುರು ಮನೆಯ ಹಲ್ಲಿನ ಡಾಕ್ಟರೂ ಬಂದರು. ಟಾರ್ಚ್ ಬಿಟ್ಟು, ಇಂಜಿನ್ನೇ 'ಆ' ಎಂದು ಬಾಯಿ ತೆರೆದಿದೆಯೇನೋ ಎಂಬಂತೆ ಬಗ್ಗಿ ನೋಡಿದರು. "ಅಲ್ಲಾಡ್ತಾ ಇಲ್ಲ, ನಿಜ. ಆದ್ರೆ ನನ್ನ ಅನುಭವದಲ್ಲಿ, ಇವತ್ತು ಅಲ್ಲಾಡದೆ ಇರೋದೇ ನಾಳೆ ಉದುರೋದು."

ಲೈಬ್ರರಿಯನ್ನರು ಜನ್ಮದಲ್ಲಿ ಯಾರಿಗೂ 'ಶ್' ಎನ್ನುವುದಕ್ಕಿಂತ ಜೋರಾಗಿ ಎದುರಾಡಿದವರಲ್ಲ. ಈಗಲೂ 'ಶ್' ಅಂದರು, ಅಷ್ಟೇ. ಅಷ್ಟರಲ್ಲಿ ಡ್ರಿಲ್ ಮಾಸ್ಟರು ಕಾಲು ಅಗಲಿಸಿ ನಿಂತು, ಉಸಿರು ಬಿಗಿಹಿಡಿದು ಸ್ಪ್ಯಾನರ್ ಜಗ್ಗಿಯಾಗಿತ್ತು.

ಟಕ್!

ಪ್ಲಗ್ಗಿನ ಬಿಳಿ ಪಿಂಗಾಣಿ ಬಿರುಕುಬಿಟ್ಟಿತು.

"ಮಾಲೇ ಹಳೇದು," ಎಂದರು ಡ್ರಿಲ್ ಮಾಸ್ಟರು.

"ಮನುಷ್ಯನಿಗಾದ್ರೆ ಕ್ಯಾಪ್ ಹಾಕ್ಬಹುದಿತ್ತು," ಎಂದರು ಡಾಕ್ಟರು.

ಲೈಬ್ರರಿಯನ್ನರ ಹೆಂಡತಿ ಬಾಗಿಲಿಗೆ ಬಂದು, "ಟ್ಯಾಕ್ಸಿ ಕರೀಲೇನ್ರೀ?" ಎಂದಳು.

"ಬೇಡ ಕಣೇ. ಇನ್ನೂ ಮೂರು ಪ್ಲಗ್ ಚೆನ್ನಾಗಿವೆ. ಅದರಲ್ಲೇ ಓಡತ್ತೆ."

ಕೀಲಿ ತಿರುಗಿಸಿದರು. ಕಾರು ನೆಗಡಿಯಾದ ಎಮ್ಮೆಯ ಹಾಗೆ ಸದ್ದು ಮಾಡಿತು. ಮತ್ತೆ ತಿರುಗಿಸಿದರು, ಮತ್ತೆ ಮತ್ತೆ ತಿರುಗಿಸಿದರು. ಕೊನೆಗೆ ಬ್ಯಾಟರಿಯೂ ಮುಗಿದು ಆ ಸದ್ದೂ ನಿಂತಿತು. ರೈಲಿನ ಹೊತ್ತು ಹತ್ತಿರವಾಗಿತ್ತು. ಲೈಬ್ರರಿಯನ್ನರಿಗೆ ಅಳುವೇ ಬಂತು.

ಆಗ ಗೇಟು ಸದ್ದಾಯಿತು. ಬ್ಯಾಗು ಹಿಡಿದು ಅಕ್ಕ ನಿಂತಿದ್ದಳು!

"ಅಕ್ಕಾ! ನಾನೇ ಬರ್ತಿದ್ನಲ್ಲೇ! ರೈಲು ಬೇಗ ಬಂತಾ?"

"ರೈಲು ಸುತ್ತಿ ಬರತ್ತೆ, ಇನ್ನೂ ಬಂದಿರ್ಲಿಕ್ಕಿಲ್ಲ. ನಾನು ಹಿಂದಿನ ಸ್ಟೇಷನ್ನಲ್ಲೇ ಇಳಿದು ಬಸ್ ಹಿಡಿದೆ."

"ಯಾಕೇ?"

"ನೀನು ಕಾರು ತರ್ತೀನಿ ಅಂದ್ಯಲ್ಲ, ಅದಕ್ಕೆ."

ಲೈಬ್ರರಿಯನ್ನರಿಗೆ ಅರ್ಥವಾಗಲಿಲ್ಲ. "ಎಷ್ಟು ಚೆನ್ನಾಗಿದ್ವಲ್ಲಕ್ಕಾ, ಆ ಭಾನುವಾರಗಳು..."

"ನಿನಗೆ ಚೆನ್ನಾಗೇ ಇತ್ತು ಕಣೋ. ನೀನು ಚಿಕ್ಕವನು, ಅಮ್ಮನ ತೊಡೆ ಮೇಲೆ. ಹಿಂದಿನಿಂದ ತಳ್ತಾ ಇದ್ದದ್ದು ನಾನು."

"ಅಪ್ಪ ಪ್ಲಗ್ಗೆಲ್ಲ ಅಷ್ಟು ಸರಿಯಾಗಿ ಬಿಗಿ ಮಾಡ್ತಿದ್ರಲ್ಲೇ?"

"ಪ್ಲಗ್ಗು ಸರಿಯಾಗೇ ಇರ್ತಿತ್ತು. ಕಾರು ಮಾತ್ರ ಒಂದು ದಿನಾನೂ ತಳ್ಳದೆ ಹೊರಟಿಲ್ಲ."

ಹಿಂದಿನ ಗಾಜಿನಾಚೆ ಅಕ್ಕನ ಕೆಂಪೇರಿದ ಮುಖ ಕುಣಿಯುತ್ತಿದ್ದದ್ದು ಲೈಬ್ರರಿಯನ್ನರಿಗೆ ನೆನಪಿತ್ತು. ಅವಳು ಆಟವಾಡುತ್ತಿದ್ದಾಳೆಂದೇ ಅವರು ಇಷ್ಟು ವರ್ಷ ತಿಳಿದಿದ್ದರು.

ಅಕ್ಕ ಕಾರಿನ ಮೈ ಸವರಿದಳು. ಕಣ್ಣು ಒದ್ದೆಯಾಯಿತು. ತನ್ನೂರಲ್ಲಿ ದಿನಾ ಕಾರು ಓಡಿಸುವವಳು. ಬಾಗಿಲು ತೆಗೆದು, "ಅಪ್ಪನ ಸೀಟಲ್ಲಿ ಒಂದು ಸಲ ಕೂತ್ಕೋತೀನೋ," ಎಂದು ಕೂತಳು. ತಮ್ಮನ ಹೆಂಡತಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡಳು. ಸ್ಟೀರಿಂಗ್ ಮೇಲೆ ಕೈಯಿಟ್ಟು, ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದಳು:

"ತಳ್ಳು."

ಗಂಡಸರು ಮೂವರೂ ತಳ್ಳಿದರು. ಬೀದಿಯ ಇಳಿಜಾರಿನಲ್ಲಿ ಕಾರು ಕೆಮ್ಮಿತು, ಸೀನಿತು, ಡ್ರಿಲ್ ಮಾಸ್ಟರ ಬಿಳಿ ಬನಿಯನ್ನಿಗೆ ಕಪ್ಪು ಬಳಿಯಿತು. ಮೂರೇ ಪ್ಲಗ್ಗಿನಲ್ಲಿ ಕುಂಟುತ್ತ ಹೊರಟೇಹೋಯಿತು!

ಲೈಬ್ರರಿಯನ್ನರು ಏದುಸಿರು ಬಿಡುತ್ತ ಬೀದಿಯಲ್ಲಿ ನಿಂತರು. ಎದೆ ತುಂಬಿ ಬಂದಿತ್ತು. ಬೀದಿ ಸುತ್ತಿಕೊಂಡು ಕಾರು ವಾಪಸ್ ಬರುತ್ತಿರುವುದು ಕಂಡು, ನಗುತ್ತ ಕೈ ಅಡ್ಡ ಹಿಡಿದರು.

ಕಾರು ಅವರನ್ನು ದಾಟಿತು.

"ಅಪ್ಪ ನಿಲ್ಲಿಸ್ತಾನೇ ಇರ್ಲಿಲ್ಲ ಕಣೋ!" ಅಕ್ಕ ಕೂಗಿದಳು. "ನಿಲ್ಲಿಸಿದ್ರೆ ಆಫ್ ಆಗತ್ತೆ! ಓಡಿ ಬಂದು ಹತ್ಕೋ!"

ಲೈಬ್ರರಿಯನ್ನರು ಓಡಿದರು. ಹೆಂಡತಿ ಒಳಗಿನಿಂದಲೇ ಕೈ ಚಾಚಿ ಹಿಂದಿನ ಬಾಗಿಲು ತೆರೆದು ಹಿಡಿದು, "ಚಪ್ಪಲಿ ಬಿಟ್ಟು ಓಡ್ರೀ!" ಎಂದಳು.

ಅವರು ಚಪ್ಪಲಿ ಬಿಟ್ಟರು. ಕಾರು ಅವರನ್ನು ಬಿಟ್ಟು ತಿರುವು ದಾಟಿತು.