ನಾನೇ ಅರಸು ಅಂದ ನಮ್ಮ ಮಾವ

ಮನೆಯಲ್ಲಿ ಕನ್ನಡ, ಕೆಲಸದಲ್ಲಿ ತಮಿಳು, ಆಫೀಸಿನಿಂದ ಬರುವ ಆರ್ಡರು ಇಂಗ್ಲಿಷು. ಈ ಮೂರರ ನಡುವೆ ಮೈಕು ಹಿಡಿದು ಬದುಕುವವನು ಎಡವಟ್ಟುಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ವಿಳಾಸ ಕೇಳಿಕೊಂಡು ಬರುತ್ತವೆ.

ನಾನು ಸೇಲಂನ ಒಂದು ಲೋಕಲ್ ಕೇಬಲ್ ಚಾನೆಲ್ಲಿಗೆ ಮೆಟ್ಟೂರು ಕಡೆಯ ವರದಿಗಾರ. ಮನೆ ನಂಗವಳ್ಳಿಯಲ್ಲಿ. ಹೆಂಡತಿಯ ತವರು ಕೊಳತ್ತೂರಿನ ಹತ್ತಿರದ ಹಳ್ಳಿ. ನಮ್ಮ ಮಾವನಿಗೆ ಗೌರ್ಮೆಂಟ್ ಅಂದರೆ ದೇವರು. ತೆರಿಗೆಗೆ ನಮ್ಮ ಕಡೆ ತಮಿಳಿನ ಹಾಗೆ ವರಿ ಅಂತಲೇ ಅನ್ನುವುದು. ಮನೆವರಿ ಕಟ್ಟುವ ದಿನ ಮಾವ ಸ್ನಾನ ಮಾಡಿ, ಒಗೆದ ಷರ್ಟು ಹಾಕಿಕೊಂಡು, ಊರಿಗೆಲ್ಲ ಮೊದಲು ಹೋಗಿ ಕಟ್ಟಿ ಬರುತ್ತಾರೆ. ಮಗಳಿಗೂ ಗೌರ್ಮೆಂಟ್ ಅಳಿಯನೇ ಬೇಕು ಅಂತ ಕಾದಿದ್ದರು. ಮಗಳು ನನ್ನನ್ನು ಒಪ್ಪಿಬಿಟ್ಟಳು.

ಅಂದಿನಿಂದ ಅವರು ನನ್ನನ್ನು ಅಳಿಯ ಅಂತ ಕರೆದದ್ದೇ ಇಲ್ಲ. “ಏನ್ ಮೈಕು, ಉಂಡ್ಯಾ?” ಅನ್ನುತ್ತಾರೆ. ನೆಂಟರು ಯಾರಾದರೂ “ಅಳಿಯಂಗೆ ಏನ್ ಕೆಲ್ಸ?” ಅಂದರೆ, “ನಂಗವಳ್ಳೀಲವ್ನೆ” ಅಂದು ಮಾತು ಮುಗಿಸುತ್ತಾರೆ, ನಂಗವಳ್ಳಿಯಲ್ಲಿ ಇರುವುದೇ ಒಂದು ಉದ್ಯೋಗ ಅನ್ನುವ ಹಾಗೆ. ಒಂದು ಸಲವಾದರೂ ಅವರ ಬಾಯಲ್ಲಿ ಅಳಿಯ ಅನ್ನಿಸಿಕೊಳ್ಳಬೇಕು ಅಂತ ನನಗೆ ಬಹಳ ಆಸೆ. ಆ ಆಸೆಗೆ ಏನೇನಾಯಿತು ಅಂತ ಹೇಳುತ್ತೇನೆ.

ಸವರನ್

ಒಂದು ಬೆಳಿಗ್ಗೆ ಎಡಿಟರ್ ಫೋನು ಮಾಡಿದರು. “ಸಾವರಿನ್ ಸಿಟಿಜನ್ ಬಗ್ಗೆ ಒಂದು ಸ್ಟೋರಿ ಬೇಕು. ನಿಮ್ಮ ಕಡೆ ಯಾರಾದರೂ ಇದ್ದಾರಾ?”

“ಬೇಕಾದಷ್ಟು ಜನ ಇದ್ದಾರೆ ಸಾರ್” ಅಂದೆ. ಗೊತ್ತಿಲ್ಲ ಅನ್ನುವ ಅಭ್ಯಾಸ ನನಗಿಲ್ಲ.

ನಮ್ಮಲ್ಲಿ ಸವರನ್ ಅಂದರೆ ಎಂಟು ಗ್ರಾಂ ಚಿನ್ನ. ಸವರನ್ ಸಿಟಿಜನ್ ಅಂದರೆ ಮೈತುಂಬ ಒಡವೆ ಹೇರಿಕೊಂಡ ನಾಗರಿಕರು ಇರಬೇಕು ಅಂದುಕೊಂಡೆ. ನೇರ ಮೆಟ್ಟೂರಿನ ಒಂದು ಒಡವೆ ಅಂಗಡಿಗೆ ಹೋಗಿ, ಹೊರಗೆ ಬರುತ್ತಿದ್ದ ಹೆಂಗಸಿನ ಮುಂದೆ ಮೈಕು ಹಿಡಿದೆ.

“ಅಕ್ಕಾ, ನೀವು ಎಷ್ಟು ಸವರನ್ ಸಿಟಿಜನ್?”

ಆಕೆ ಕತ್ತಿನ ಸರವನ್ನು ಸೆರಗಿನಲ್ಲಿ ಮುಚ್ಚಿಕೊಂಡು, “ಇನ್‌ಕಂ ಟ್ಯಾಕ್ಸ್‌ನೋರು ಬಂದವ್ರೆ!” ಅಂತ ಕೂಗಿಬಿಟ್ಟಳು. ಆ ಕೂಗಿಗೆ ಅಂಗಡಿಯ ಷಟರು ಅರ್ಧ ಇಳಿಯಿತು. ಪಕ್ಕದ ಅಂಗಡಿಯದು ಪೂರ್ತಿ ಇಳಿಯಿತು.

ಎಡಿಟರ್ ಆ ವಿಡಿಯೋ ನೋಡಿ ತಲೆ ಚಚ್ಚಿಕೊಂಡರು. ಫಾರಿನ್‌ನಲ್ಲಿ ಕೆಲವು ಜನ ಇದ್ದಾರಂತೆ. ಈ ಸರ್ಕಾರಕ್ಕೂ ನಮಗೂ ಸಂಬಂಧವಿಲ್ಲ, ನಮಗೆ ನಾವೇ ಸರ್ಕಾರ ಅನ್ನುತ್ತಾರಂತೆ. ವರಿ ಕಟ್ಟುವುದಿಲ್ಲ, ಗಾಡಿಗೆ ಸರ್ಕಾರದ ನಂಬರು ಹಾಕುವುದಿಲ್ಲ. “ಅಂಥವನು ಒಬ್ಬ ಬೇಕು. ಚಿನ್ನಕ್ಕೂ ಇದಕ್ಕೂ ಏನೂ ಇಲ್ಲ” ಅಂದರು.

ಒಡವೆ ಅಂಗಡಿಯವರು ಮಾತ್ರ ನಾನು ಬಸ್ಸು ಹತ್ತಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಷಟರು ಎತ್ತಿದರಂತೆ.

ಬೋಲ್ಟು

ಎರಡು ದಿನ ಅಲೆದೆ. ಕೊನೆಗೆ ನಂಗವಳ್ಳಿಯ ಟೀ ಅಂಗಡಿ ಮುಂದೆ ನಂಬರ್ ಪ್ಲೇಟಿಲ್ಲದ ಒಂದು ಬೈಕು ಕಂಡಿತು. ಬೈಕಿನವನು ಕುರಿ ಸಾಕುವ ಯಜಮಾನ, ಬೆಂಚಿನ ಮೇಲೆ ಕೂತು ಬನ್ನು ತಿನ್ನುತ್ತಿದ್ದ.

“ಯಜಮಾನ್ರೇ, ನೀವು ಈ ಸರ್ಕಾರಾನ ಒಪ್ಪಲ್ವಾ?” ಅಂದೆ.

“ನಾನು ಒಪ್ತೀನಿ ಸಾಮಿ. ಬೋಲ್ಟು ಒಪ್ನಿಲ್ಲ. ಪ್ಲೇಟು ಬಿದ್ದೋಯ್ತು” ಅಂದ. ಆಮೇಲೆ ಬನ್ನನ್ನು ಟೀಯಲ್ಲಿ ಅದ್ದುತ್ತಾ, “ನಿಮ್ ಗಾಡಿ ನಂಬರು ಎಲ್ಲೈತೆ?” ಅಂತ ಕೇಳಿದ.

ತಿರುಗಿ ನೋಡಿದೆ. ನನ್ನ ಗಾಡಿಯ ಪ್ಲೇಟಿನ ಮೇಲೆ ‘ಪ್ರೆಸ್’ ಅಂತ ಎಷ್ಟು ದೊಡ್ಡದಾಗಿ ಬರೆಸಿದ್ದೆನೆಂದರೆ, ನಂಬರಿಗೆ ಜಾಗವೇ ಉಳಿದಿರಲಿಲ್ಲ.

ಎರಡನೇ ಮುದ್ದೆ

ಬರಿಗೈಯಲ್ಲಿ ಮನೆಗೆ ಹೋಗುವ ಬದಲು ಮಾವನ ಮನೆಗೆ ಊಟಕ್ಕೆ ಹೋದೆ. ಮಾವ ಮುದ್ದೆ ಮುಂದೆ ಕೂತಿದ್ದರು. ಅವರು ಗೌರ್ಮೆಂಟ್ ಪರವಾಗಿ ನಾಲ್ಕು ಮಾತು ಆಡಿದರೆ ಟೀವಿಯಲ್ಲಿ ತೋರಿಸಬಹುದು, ಆ ಖುಷಿಯಲ್ಲಾದರೂ ನನ್ನನ್ನು ಅಳಿಯ ಅನ್ನಬಹುದು ಅಂತ ಲೆಕ್ಕ ಹಾಕಿ, ಫೋನಿನ ಕ್ಯಾಮೆರಾ ಆನ್ ಮಾಡಿ ಮೈಕು ಮುಂದೆ ಹಿಡಿದೆ.

“ಮಾವ, ವರಿ ಕಟ್ಟಾಕಿಲ್ಲ ಅಂತ ಒಬ್ಬ ಅಂದ್ರೆ ನೀವೇನಂತೀರಾ?”

ಅವರು ಬಾಯಿ ತೆರೆಯುವಷ್ಟರಲ್ಲಿ ಅಡುಗೆಮನೆಯಿಂದ ಅತ್ತೆಯ ದನಿ ಬಂತು. “ಎಲ್ಡನೇ ಮುದ್ದೆ ಮುಟ್ಬ್ಯಾಡಿ! ಸಕ್ಕರೆ ಕಾಯ್ಲೆ ಐತೆ, ಡಾಕ್ಟ್ರು ಏಳವ್ರೆ!”

ಮೈಕಿನ ಮುಂದೆ ಮರ್ಯಾದೆ ಹೋಯಿತಲ್ಲ ಅಂತ ಮಾವನಿಗೆ ಸಿಟ್ಟು ನೆತ್ತಿಗೇರಿತು. “ನಮ್ಮನೆಗೆ ನಾನೇ ಅರಸು! ಯಾವನ ಆರ್ಡರೂ ಇಲ್ಲಿ ನಡೆಯಾಕಿಲ್ಲ!” ಅಂತ ಗುಡುಗಿದರು.

ಅತ್ತೆ ಬಂದು ಮುದ್ದೆಯನ್ನು ಒಳಗೆ ತೆಗೆದುಕೊಂಡು ಹೋದರು. ಅರಸರು ಮಜ್ಜಿಗೆ ಕುಡಿದು ಎದ್ದರು.

ಕೆಂಪಕ್ಷರ

ದುಡಿದಿದ್ದೇನೆ ಅಂತ ತೋರಿಸಲು ಫೋನಿನಲ್ಲಿ ಇದ್ದದ್ದನ್ನೆಲ್ಲ ಸೇಲಂಗೆ ಕಳಿಸಿದೆ. ಸಂಜೆ ಎಡಿಟರ್ ಕುಣಿದಾಡುತ್ತಾ ಫೋನು ಮಾಡಿದರು. “ಸಿಕ್ಕಿಬಿಟ್ಟನಪ್ಪಾ! ಎಂಥ ಧೈರ್ಯ ಆ ಮನುಷ್ಯನಿಗೆ!” ಯಾರು ಸಿಕ್ಕಿದ್ದು ಅಂತ ನಾನು ಕೇಳಬೇಕಿತ್ತು. ಹೊಗಳಿಸಿಕೊಂಡು ಅಭ್ಯಾಸವಿಲ್ಲದವನಿಗೆ ಅದೆಲ್ಲ ತೋಚುವುದಿಲ್ಲ. ಹೆಂಡತಿಯನ್ನು ಕರೆದುಕೊಂಡು ಮಾವನ ಮನೆಗೇ ಹೋಗಿ, ಅಕ್ಕಪಕ್ಕದವರನ್ನೂ ಕೂಗಿ ಟೀವಿ ಮುಂದೆ ಕೂರಿಸಿದೆ.

ಟೀವಿಯಲ್ಲಿ ಮಾವ ಬಂದರು. ಗುಡುಗಿದರು. ಕೆಳಗೆ ಕೆಂಪಕ್ಷರದ ತಮಿಳಿನಲ್ಲಿ ‘ನಾನೇ ಅರಸು! ವರಿ ಕೇಳಿದ್ದಕ್ಕೆ ಸಿಡಿದೆದ್ದ ಹಿರಿಯರು’ ಅಂತ ಓಡುತ್ತಿತ್ತು.

ಕನ್ನಡದಲ್ಲಿ ಅರಸು ಅಂದರೆ ರಾಜ. ತಮಿಳಿನಲ್ಲಿ ಅರಸು ಅಂದರೆ ಸರ್ಕಾರ. ಎಡಿಟರಿಗೆ ಕನ್ನಡ ಬಾರದು. ಎರಡೂ ಬರುವ ನಾನು ಒಬ್ಬ ಇದ್ದೆ, ಒಂದು ಮಾತು ಬಿಡಿಸಿ ಹೇಳಿರಲಿಲ್ಲ. ಮುದ್ದೆಗಾಗಿ ಕೂಗಿದ ಮನುಷ್ಯ, ಊರಿಗೆ ಮೊದಲು ವರಿ ಕಟ್ಟುವ ಮನುಷ್ಯ, ಸರ್ಕಾರದ ಮೇಲೆ ದಂಗೆ ಎದ್ದವರಾಗಿ ಟೀವಿಯಲ್ಲಿ ಕೂತಿದ್ದರು.

ಮಾವ ಟೀವಿ ಆರಿಸಿದರು. “ಏನ್ಲಾ ಮೈಕು, ನನ್ ಮಾನ ಕಳ್ದ್ಯಲ್ಲ” ಅಂದರು. ಅಷ್ಟು ದಿನ ಬರೀ ಮೈಕು ಆಗಿದ್ದವನು ಈಗ ‘ಲಾ’ ಸೇರಿಸಿಕೊಂಡ ಮೈಕು ಆದೆ.

ಚರ್ಚೆ

ಎಡಿಟರಿಗೆ ವಿಷಯ ಹೇಳಿದೆ. ತಪ್ಪಾಯಿತು ಅನ್ನುವ ಬದಲು, “ಅವರನ್ನೇ ಕರೆದುಕೊಂಡು ಬಾ, ಲೈವ್ ಚರ್ಚೆ ಇಡೋಣ” ಅಂದರು. ಮಾನ ವಾಪಸು ತರಲು ಮಾವ ಒಗೆದ ಷರ್ಟು ಹಾಕಿಕೊಂಡು ಬಸ್ಸು ಹತ್ತಿದರು. ನನ್ನ ಪಕ್ಕದ ಸೀಟು ಖಾಲಿ ಇದ್ದರೂ ಡ್ರೈವರ್ ಹಿಂದೆ ಹೋಗಿ ಕೂತರು.

ಸ್ಟುಡಿಯೋ ಅಂದರೆ ಮೊಬೈಲ್ ರಿಪೇರಿ ಅಂಗಡಿಯ ಮೇಲಿನ ಒಂದು ರೂಮು. ಅಲ್ಲಿ ಒಬ್ಬ ವಕೀಲರು, ಒಬ್ಬ ರಿಟೈರ್ಡ್ ತಹಶೀಲ್ದಾರರು ಕೂತಿದ್ದರು. ವಕೀಲರು “ತನಗೆ ತಾನೇ ಸರ್ಕಾರ ಅನ್ನುವುದು ಕಾನೂನಿನಲ್ಲಿ ನಡೆಯುವುದಿಲ್ಲ” ಅಂದರು. ಮಾವ “ಕರೆಕ್ಟು!” ಅಂದರು. ತಹಶೀಲ್ದಾರರು “ಎಲ್ಲರೂ ವರಿ ಕಟ್ಟಬೇಕು” ಅಂದರು. ಮಾವ ಟೇಬಲ್ ಗುದ್ದಿ “ಕಟ್ಟಲೇಬೇಕು!” ಅಂದರು. ಐದು ನಿಮಿಷದಲ್ಲಿ ಎಲ್ಲರೂ ಒಪ್ಪಿಕೊಂಡು ಸುಮ್ಮನೆ ಕೂತರು. ಒಂದು ಗಂಟೆಯ ಕಾರ್ಯಕ್ರಮ.

ಎಡಿಟರ್ ನನ್ನ ಕಿವಿಯಲ್ಲಿ, “ನೀನು ಕೂತು ಎದುರು ವಾದ ಮಾಡು” ಅಂದರು. ಕೆಲಸ ಉಳಿಯಬೇಕಲ್ಲ, ಕೂತೆ. “ಸರ್ಕಾರದ ಜೊತೆ ನಾನು ಯಾವ ಒಪ್ಪಂದಕ್ಕೂ ಸೈನ್ ಹಾಕಿಲ್ಲ. ನಾನ್ಯಾಕೆ ವರಿ ಕಟ್ಟಲಿ?” ಅಂದೆ.

ಮಾವ ತಮಿಳು ಮರೆತು ಎದ್ದು ನಿಂತರು. “ತಾಳಿ ಕಟ್ಟುವಾಗ ಸೈನ್ ಆಕಿದ್ಯೇನ್ಲಾ? ಆದ್ರೂ ಸಂಸಾರ ಮಾಡ್ತಿಲ್ವಾ? ನೀನು ಕುಡಿಯೋ ನೀರು, ನೀನು ಓಡಾಡೋ ರೋಡು, ಎಲ್ಲಾ ನಿಮ್ಮಪ್ಪ ಮಾಡ್ಸಿದ್ದಾ?”

ವಕೀಲರಿಗೆ ಕನ್ನಡ ಬಾರದಿದ್ದರೂ ಚಪ್ಪಾಳೆ ತಟ್ಟಿದರು.

ಮರುದಿನ ಬೆಳಿಗ್ಗೆ ನಮ್ಮ ಊರಿನ ಬಿಲ್ ಕಲೆಕ್ಟರು ಮನೆ ಬಾಗಿಲಲ್ಲಿ ನಿಂತಿದ್ದರು. ಆ ವರ್ಷದ ಮನೆವರಿ ನಾನು ಕಟ್ಟಿರಲಿಲ್ಲ. ಸಿದ್ಧಾಂತವೇನೂ ಇಲ್ಲ, ಮರೆತಿದ್ದೆ ಅಷ್ಟೆ.

“ನೀರಿನ ಪೈಪು ಕಟ್ ಮಾಡಕ್ಕೆ ಬಂದಿದೀನಿ ಸಾರ್” ಅಂದರು ಬಹಳ ವಿನಯದಿಂದ. “ಅದಕ್ಕೂ ನಿಮ್ ಸೈನ್ ಬೇಕಾಗಿಲ್ಲ.”

ಡಿಪಾರ್ಟ್‌ಮೆಂಟು

ವರಿ ಕಟ್ಟಿ ಪೈಪು ಉಳಿಸಿಕೊಂಡೆ. ಮಾವನ ಮಾನವೂ ವಾಪಸು ಬಂತು, ಜೊತೆಗೆ ಅರಸು ಅನ್ನುವ ಹೆಸರೂ ಅಂಟಿಕೊಂಡಿತು. ಬಸ್ಸಿನಲ್ಲಿ ಜನ ಎದ್ದು, “ಗೌರ್ಮೆಂಟು ಬಂತು, ಸೀಟು ಬಿಡ್ರಪ್ಪಾ” ಅನ್ನತೊಡಗಿದರು. ಮೊದಮೊದಲು ಗೊಣಗಿದ ಮಾವ ಆಮೇಲೆ ಆ ಸೀಟಿನಲ್ಲಿ ಕೂರತೊಡಗಿದರು. ನನ್ನ ಜೊತೆ ಮಾತ್ರ ಮಾತಿಲ್ಲ.

ಹೀಗಿರುವಾಗ ಹರೂರಿನಲ್ಲಿ ನೆಂಟರ ಮನೆಯ ನಿಶ್ಚಿತಾರ್ಥ. ಎಲೆ ಹಾಕುವ ಹೊತ್ತಿಗೆ, ಟೀವಿ ನೋಡಿರದ ಒಬ್ಬ ಹಿರಿಯರು ನನ್ನ ಕಡೆ ಕೈ ತೋರಿಸಿ ಮಾವನನ್ನು ಕೇಳಿದರು. “ಇವ್ರು ಅಳಿಯನಾ? ಏನ್ ಕೆಲ್ಸ?”

ನಂಗವಳ್ಳಿ ಬರುತ್ತದೆ ಅಂತ ನಾನು ತಲೆ ತಗ್ಗಿಸಿ ಕಾದೆ. ಮಾವ ಸುತ್ತ ಇದ್ದ ನಮ್ಮ ಕಡೆಯವರನ್ನು ನೋಡಿ, “ಊರೋರು ನನ್ನ ಏನಂತ ಕರೀತಾರ್ರಪ್ಪಾ?” ಅಂದರು.

“ಅರಸು!” ಅಂದರು ಎಲ್ಲರೂ.

“ಅರಸು ಅಂದ್ರೆ ತಮಿಳ್ನಾಗೆ ಏನು?”

“ಗೌರ್ಮೆಂಟು!”

“ಅಂಗಾದ್ರೆ ಇವ್ರು ಗೌರ್ಮೆಂಟ್ ಅಳಿಯ ಕಣಪ್ಪಾ” ಅಂದರು ಮಾವ. ಆಮೇಲೆ ನನ್ನ ಕಡೆ ತಿರುಗಿ, ಪಕ್ಕದ ಎಲೆ ತೋರಿಸಿ, “ಬನ್ನಿ ಅಳಿಮಯ್ಯ, ಉಣ್ಣಾನ” ಅಂದರು.

ಸುಳ್ಳು ಹೇಳುವುದಿಲ್ಲ, ಕಣ್ಣಲ್ಲಿ ನೀರು ಬಂತು. ಅದನ್ನು ಮರೆಮಾಡಲು ಎಲೆಗೆ ನೀರು ಚಿಮುಕಿಸುತ್ತಾ ಕೂತೆ. ಹಿರಿಯರಿಗೋ ಬಹಳ ಸಂತೋಷವಾಗಿತ್ತು. ಗೌರ್ಮೆಂಟ್ ಅಂದ ಮೇಲೆ ಅಷ್ಟಕ್ಕೆ ಬಿಡುತ್ತಾರಾ?

“ಬೋ ಸಂತೋಸ. ಯಾವ ಡಿಪಾರ್ಟ್‌ಮೆಂಟು?” ಅಂತ ಕೇಳಿದರು.

ಮಾವ ತಲೆ ಎತ್ತದೆ, ಪಾಯಸ ಬಡಿಸುವವನಿಗೆ ಲೋಟ ಚಾಚುತ್ತಾ ಹೇಳಿದರು:

“ನಂಗವಳ್ಳಿ.”