ಉಳವಪ್ಪ ಮಾಸ್ತರರು ಕಾರು ಮಾರಿದ ರವಿವಾರ

ಶುಕ್ರವಾರ ಸಂಜೆ ಪೆಟ್ರೋಲಿನ ದರ ಮತ್ತೆ ಏರಿತು. ರೇಡಿಯೋದಲ್ಲಿ ಆ ಸುದ್ದಿ ಬರುವಾಗ ಬೈಲಹೊಂಗಲದ ಹೈಸ್ಕೂಲಿನ ಚಿತ್ರಕಲಾ ಮಾಸ್ತರ ಉಳವಪ್ಪನವರು ಊಟಕ್ಕೆ ಕುಳಿತಿದ್ದರು. ಪಲ್ಯದಲ್ಲಿ ಅದ್ದಿದ ರೊಟ್ಟಿಯ ತುಣುಕನ್ನು ಬಾಯಿಗೆ ಹಾಕದೆ ಹಾಗೇ ತಾಟಿನಲ್ಲಿಟ್ಟರು. ಹೆಂಡತಿ ರಾಜೇಶ್ವರಿ ಎದ್ದು ಹೋಗಿ, ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿದ್ದ ಚೀಟಿಗಳ ಕಟ್ಟನ್ನು ತಂದು ಅವರ ಮುಂದಿಟ್ಟಳು.

ಅದು ಕಾರಿನ ಜಾತಕ. ಎರಡು ವರ್ಷದ ಹಿಂದೆ ಸೊಸೈಟಿಯಲ್ಲಿ ಸಾಲ ತೆಗೆದು, ಅರವತ್ತೆರಡು ಸಾವಿರಕ್ಕೆ ಕೊಂಡ ಹಳೆಯ ಬಿಳಿ ಕಾರು. ಬಡವರೂ ಕೊಳ್ಳಬಹುದಾದ ಕಾರು ಅಂತ ಮಾರಿದವನು ಹೇಳಿದ್ದ. ಕೊಳ್ಳಬಹುದಿತ್ತು ನಿಜ, ಇಟ್ಟುಕೊಳ್ಳುವುದರ ಬಗ್ಗೆ ಅವನು ಬಾಯಿ ಬಿಟ್ಟಿರಲಿಲ್ಲ. ಬ್ಯಾಟರಿ, ಕ್ಲಚ್ ಪ್ಲೇಟು, ಎರಡು ಟಾಯರು, ವಿಮೆ, ಮತ್ತೆ ವಿಮೆ. ಕಾರು ಬಂದ ಮೇಲೆ ಮನೆಯ ಹಾಲು ಒಂದು ಲೀಟರಿನಿಂದ ಅರ್ಧ ಲೀಟರಿಗೆ ಇಳಿದಿತ್ತು. ಎಮ್ಮೆಯಾದರೆ ಮೇವು ತಿಂದು ಹಾಲು ಕೊಡುತ್ತದೆ. ಇದು ಇದ್ದ ಹಾಲನ್ನೂ ಕುಡಿದಿತ್ತು.

"ಅದರಾಗ ನಾವಿಬ್ಬರ ಕೂತು ಒಂದು ಸಲಾನೂ ಎಲ್ಲಿಗೂ ಹೋಗಿಲ್ಲ ನೋಡ್ರಿ," ಅಂದಳು ರಾಜೇಶ್ವರಿ. "ಮಾರಿಬಿಡ್ರಿ."

ಅವಳು ಹೇಳಿದ್ದು ಸುಳ್ಳಲ್ಲ. ಓಣಿಯ ಬಾಣಂತಿಯರು ದವಾಖಾನೆಯಿಂದ ಬಂದದ್ದು ಆ ಕಾರಿನಲ್ಲಿ. ಹೆಣ್ಣು ನೋಡಲು ಹೋದವರು ಹೋದದ್ದು ಆ ಕಾರಿನಲ್ಲಿ, ಹೆಣ್ಣು ಬೇಡವೆಂದು ತಿರುಗಿ ಬಂದದ್ದೂ ಅದರಲ್ಲಿಯೇ. ಮಾಸ್ತರರಿಗೆ ಯಾರಿಗೂ ಆಗುವುದಿಲ್ಲ ಅನ್ನಲು ಬರುತ್ತಿರಲಿಲ್ಲ. ಶಾಲೆಯ ಹುಡುಗರು ಆನೆ ಅಂತ ಹಂದಿಯ ಚಿತ್ರ ಬರೆದು ತಂದರೂ, ಸೊಂಡಿಲು ಒಂದಿಷ್ಟು ಉದ್ದಾಗಲಿ ಅಂತ ಹೇಳಿ ಸಹಿ ಹಾಕುವ ಮನುಷ್ಯ ಅವರು.

ಶನಿವಾರ ಮಾಸ್ತರರು ಬೂತಿನಿಂದ ಸವದತ್ತಿಗೆ ಫೋನು ಮಾಡಿದರು. ಅಲ್ಲಿ ಹಳೆಯ ಗಾಡಿಗಳನ್ನು ಕೊಂಡು ಮಾರುವ ಹಣಮಂತಪ್ಪನೆಂಬವನು ನಲವತ್ತೆರಡು ಸಾವಿರ ಕೊಡುವುದಾಗಿ ಹೇಳಿದ. ರವಿವಾರ ಗಾಡಿ ತರಬೇಕು, ಕಾಗದಪತ್ರ ತರಬೇಕು, ಕೈಮೇಲೆ ರೊಕ್ಕ. ಸೊಸೈಟಿಯ ಸಾಲ ಇನ್ನೂ ಮೂವತ್ತೊಂದು ಸಾವಿರವಿತ್ತು. ಅದನ್ನು ಸೋಮವಾರವೇ ತೀರಿಸಿಬಿಡುವುದೆಂದು ಗಂಡ ಹೆಂಡತಿ ಮಾತಾಡಿಕೊಂಡರು. ಓಣಿಯವರಿಗೆ ಮಾತ್ರ ಈಗಲೇ ತಿಳಿಯಬಾರದು. ಕಾರು ಕೊಂಡಾಗ ಪೇಢೆ ಹಂಚಿದ್ದರು. ಮಾರುವಾಗ ಏನು ಹಂಚುವುದು?

ರವಿವಾರ ಮುಂಜಾನೆ ಏಳಕ್ಕೆ ಮಾಸ್ತರರು ಕಾರು ಚಾಲೂ ಮಾಡಿದರು. ಅದು ಮೂರು ಸಲ ಕೆಮ್ಮಿ ನಾಲ್ಕನೆಯ ಸಲ ಎದ್ದಿತು. ಅಷ್ಟರಲ್ಲಿ ಬಗಲಿನ ಮನೆಯ ಮುದುಕಿ ಮುದಕವ್ವ ಹೊರಗೆ ಬಂದು ನಿಂತಿದ್ದಳು. ಮಾಸ್ತರರು ಸವದತ್ತಿಗೆ ಸರ್ವಿಸಿಂಗಿಗೆ ಹೊರಟಿದ್ದೇನೆ ಅಂದರು. ಬೈಲಹೊಂಗಲದಲ್ಲಿ ಗ್ಯಾರೇಜು ಇಲ್ಲವೇ ಅಂತ ಅವಳು ಕೇಳಲಿಲ್ಲ. ಮುನವಳ್ಳಿ ಹಾದಿಯಲ್ಲೇ ಬರುತ್ತದಲ್ಲ ಅಂದಳು. ಮುನವಳ್ಳಿಯಲ್ಲಿ ಅವಳ ಮಗಳಿದ್ದಳು. ಮಗಳ ಮಿಕ್ಸರ್ ಸುಟ್ಟುಹೋಗಿ ತಿಂಗಳಾಗಿತ್ತು. ಹೀಗಾಗಿ ಮುದಕವ್ವ ಅವಳಿಗೊಂದು ಒರಳುಕಲ್ಲು ತೆಗೆದಿಟ್ಟಿದ್ದಳು.

ಒರಳನ್ನು ಎತ್ತಲು ಮೂವರು ಬೇಕಾದರು. ಆ ಮೂವರಲ್ಲಿ ಒಬ್ಬ ಎದುರುಮನೆಯ ಮಡಿವಾಳೆಪ್ಪ. ಬಸ್ಸಿನ ಕಂಡಕ್ಟರಾಗಿದ್ದು ಹೋದ ತಿಂಗಳು ನಿವೃತ್ತನಾದವನು. ಕಲ್ಲನ್ನು ಹಿಂದಿನ ಸೀಟಿನ ಮೇಲೆ ಕೂರಿಸಿ ಕೈ ಝಾಡಿಸಿಕೊಂಡವನು, ಮನೆಗೆ ಹೋಗಿ ಟೋಪಿ ಹಾಕಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕುಳಿತ. ಸವದತ್ತಿಯಲ್ಲಿ ಅವನ ತಂಗಿಯಿದ್ದಳು, ಕಂಡು ಬಹಳ ದಿನವಾಗಿತ್ತಂತೆ. ಸಂಜೆಗೆ ಜೋಡಿಯಲ್ಲೇ ತಿರುಗಿ ಬಂದರಾಯಿತು ಅಂದ. ಮುದಕವ್ವ ಚೀಲ ಹಿಡಿದು ಕಲ್ಲಿನ ಬಗಲಿಗೆ ಹತ್ತಿ ಕುಳಿತಳು. ಮಾಸ್ತರರು ರಾಜೇಶ್ವರಿಯ ಕಡೆ ನೋಡಿದರು. ಅವಳು ಆಕಾಶದ ಕಡೆ ನೋಡಿದಳು.

ಮಾರುವ ಎತ್ತನ್ನು ಹೊಟ್ಟೆ ತುಂಬ ಮೇಯಿಸಿ ಸಂತೆಗೆ ಒಯ್ಯುತ್ತಾರೆ. ಮಾಸ್ತರರು ಉಪವಾಸ ಒಯ್ಯುವ ವಿಚಾರ ಮಾಡಿದ್ದರು. ಟಾಕಿಯಲ್ಲಿ ಉಳಿದ ಪೆಟ್ರೋಲಿಗೆ ಹಣಮಂತಪ್ಪ ಬೇರೆ ರೊಕ್ಕ ಕೊಡುವುದಿಲ್ಲವಲ್ಲ. ಪಂಪಿನಲ್ಲಿ ಲೆಕ್ಕ ಹಾಕಿ ಎರಡೂವರೆ ಲೀಟರ್ ಹಾಕಿಸಿದರು. ಆ ಲೆಕ್ಕದಲ್ಲಿ ಒರಳುಕಲ್ಲು ಇರಲಿಲ್ಲ.

ಮುನವಳ್ಳಿಗೆ ಎರಡು ಮೈಲು ಇರುವಾಗ ರಸ್ತೆಯ ದಿಬ್ಬವೊಂದು ಕಾರಿನ ಹೊಟ್ಟೆಗೆ ತಾಗಿತು. ಕೆಳಗೆ ಏನೋ ಮುರಿದು, ಕಾರು ಟ್ರ್ಯಾಕ್ಟರಿನ ಹಾಗೆ ಒದರತೊಡಗಿತು. ಸೈಲೆನ್ಸರ್ ಕಳಚಿ ನೆಲಕ್ಕೆ ಉಜ್ಜುತ್ತಿತ್ತು. ಮುದಕವ್ವನ ಚೀಲದಲ್ಲಿದ್ದ ಸುತಳಿಯಿಂದ ಮಡಿವಾಳೆಪ್ಪ ಅದನ್ನು ಬಿಗಿದು ಕಟ್ಟಿದ. ಊರೊಳಗೆ ಹೊಕ್ಕಾಗ ನಾಯಿಗಳು ಬೆನ್ನು ಹತ್ತಿದವು, ಮನೆಯೊಳಗಿನ ಮಂದಿ ಹೊರಗೆ ಬಂದರು.

ಕಲ್ಲು ಇಳಿಯಿತು, ಮುದಕವ್ವನೂ ಇಳಿದಳು. ನಾಲ್ಕು ದಿನ ಮಗಳ ಮನೆಯಲ್ಲಿ ಇರುತ್ತೇನೆ ಅಂದಾಗ ಮಾಸ್ತರರಿಗೆ ಅವಳ ಕಾಲಿಗೆ ಬೀಳಬೇಕೆನಿಸಿತು. ಆದರೆ ಮಗಳು ಅವಲಕ್ಕಿ ತಿನ್ನಿಸದೆ ಬಿಡಲಿಲ್ಲ, ಅವಲಕ್ಕಿಯ ಮೇಲೆ ಚಹಾ. ಸೈಲೆನ್ಸರ್ ವೆಲ್ಡಿಂಗಿಗೆ ಮೂರುನೂರಾ ಐವತ್ತು ರೂಪಾಯಿ ಹೋಯಿತು. ಒಂದು ತಾಸಿನಲ್ಲಿ ಪರರ ಪಾಲಾಗುವ ಸೈಲೆನ್ಸರಿಗೆ ಕೈಯಿಂದ ರೊಕ್ಕ ಎಣಿಸಿಕೊಡುವಾಗ ಮಾಸ್ತರರ ಬೆರಳುಗಳು ಒಂದೊಂದು ನೋಟನ್ನೂ ಎರಡೆರಡು ಸಲ ಮುಟ್ಟಿದವು.

ನವಿಲುತೀರ್ಥದ ಹತ್ತಿರ ಪೆಟ್ರೋಲ್ ತೀರಿತು.

ಯಾರಾದರೊಬ್ಬರು ಸ್ಟೇರಿಂಗ್ ಹಿಡಿಯಬೇಕು, ಒಬ್ಬರು ದೂಡಬೇಕು. ಮಡಿವಾಳೆಪ್ಪನಿಗೆ ಗಾಡಿ ಹೊಡೆಯಲು ಬರುತ್ತಿರಲಿಲ್ಲ, ಆದರೆ ಅವನ ಮೊಣಕಾಲು ನೋಯುತ್ತಿದ್ದವು. ಆದ್ದರಿಂದ ಅವನು ಸ್ಟೇರಿಂಗ್ ಹಿಡಿದ, ಮಾಸ್ತರರು ದೂಡಿದರು. ಎದುರಿಗೆ ಲಾರಿ ಕಂಡರೆ ಅವನು ಸೀಟಿ ಊದುತ್ತಿದ್ದ. ಹಾದಿ ಸಾಪಾದ ಕೂಡಲೇ ಕೈ ಹೊರಗೆ ಹಾಕಿ ಬಾಗಿಲಿಗೆ ಎರಡು ಸಲ ಬಡಿಯುತ್ತಿದ್ದ. ಅರ್ಧ ಮೈಲಿನ ನಂತರ ಒಂದು ಕಿರಾಣಿ ಅಂಗಡಿ ಬಂತು. ಅಲ್ಲಿ ಬಾಟಲಿಯಲ್ಲಿ ಪೆಟ್ರೋಲ್ ಇತ್ತು. ಪಂಪಿನಲ್ಲಿ ಏರಿದ ದರ ಈ ಅಂಗಡಿಯಲ್ಲಿ ಇನ್ನೂ ಒಂದು ಮೆಟ್ಟಿಲು ಮೇಲೆ ಹತ್ತಿ ಕುಳಿತಿತ್ತು.

ಮಾಸ್ತರರು ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದು ಕುಳಿತಾಗ ಮಡಿವಾಳೆಪ್ಪ ತನ್ನ ಜಾಗಕ್ಕೆ ಸರಿದು, ಸೀಟನ್ನು ಅಂಗೈಯಿಂದ ಸವರಿದ.

"ಮಾಸ್ತರ್ರ, ಮೂವತ್ತೊಂದು ವರ್ಷ ಬಸ್ಸಿನ್ಯಾಗ ನಿಂತ ತಿರಗ್ಯಾಡೇನಿ. ಕುಂತವರ ಟಿಕೀಟ ಹರದೇನಿ, ನಾ ಕುಂತಿಲ್ಲ. ಇಲ್ಲಿ ಕುಂತರ ನನಗ ಹಸಿವೀನ ಆಗೂದಿಲ್ಲ ನೋಡ್ರಿ."

ಮಾಸ್ತರರಿಗೆ ಒಂದು ಗಳಿಗೆ ಕೆಡುಕೆನಿಸಿತು. ಪಾಪ, ಇದು ಇವನ ಕೊನೆಯ ಸವಾರಿ ಅಂತ ಮನಸ್ಸಿನಲ್ಲೇ ಅಂದುಕೊಂಡರು.

ಸವದತ್ತಿಯಲ್ಲಿ ಅವನನ್ನು ತಂಗಿಯ ಮನೆಗೆ ಇಳಿಸಿ, ಮೂರು ಗಂಟೆಗೆ ಬಸ್ ಸ್ಟ್ಯಾಂಡಿನ ಹತ್ತಿರ ಸಿಗುವುದೆಂದು ಹೇಳಿ, ಮಾಸ್ತರರು ಹಣಮಂತಪ್ಪನ ಅಂಗಳಕ್ಕೆ ಹೋದರು. ಹಣಮಂತಪ್ಪ ಕಾರಿನ ಸುತ್ತ ಮೂರು ಸುತ್ತು ಬಂದ, ಕಲ್ಲಂಗಡಿ ಕೊಳ್ಳುವವನಂತೆ ಅಲ್ಲಲ್ಲಿ ಬೆರಳಿನಿಂದ ಬಡಿದು ಕಿವಿಗೊಟ್ಟ. ಹಿಂದಿನ ಸೀಟು ಕುಸಿದಿದೆ ಅಂದ. ಸೈಲೆನ್ಸರಿಗೆ ವೆಲ್ಡಿಂಗ್ ಆಗಿದೆ ಅಂದ. ಅದು ಇವತ್ತೇ ಆದದ್ದು, ಹೊಸದು ಅಂತ ಮಾಸ್ತರರು ಹೇಳಿದ್ದು ಉಪಯೋಗಕ್ಕೆ ಬರಲಿಲ್ಲ.

"ಪೆಟ್ರೋಲ ದರಾ ಏರಿದ್ದು ಕೇಳೀರಿಲ್ಲೋ? ಈಗ ಇಂಥಾ ಗಾಡಿ ಕೇಳಾವ್ರ ಇಲ್ರಿ. ನಿಮ್ಮ ಮಾರಿ ನೋಡಿ ಮೂವತ್ನಾಕು ಕೊಡ್ತೇನಿ."

ಮಾಸ್ತರರು ಚೌಕಾಸಿ ಮಾಡಬೇಕೆಂದು ಹಾದಿಯುದ್ದಕ್ಕೂ ನಾಲ್ಕು ಮಾತು ತಯಾರು ಮಾಡಿಟ್ಟುಕೊಂಡಿದ್ದರು. ಆದರೆ ಅಷ್ಟು ದೂರ ದೂಡಿ ಬಂದ ಮನುಷ್ಯನ ಬಾಯಿಂದ ಅವು ಹೊರಡಲಿಲ್ಲ. ಮೂವತ್ನಾಲ್ಕು ಸಾವಿರ ಎಣಿಸಿಕೊಂಡು, ಕಾಗದಗಳಿಗೆ ಏಳು ಕಡೆ ಸಹಿ ಹಾಕಿದರು. ಅಂಗಳದಿಂದ ಹೊರಗೆ ಬಂದು ತಿರುಗಿ ನೋಡಿದಾಗ ಕಾರು ಸಾಲು ಗಾಡಿಗಳ ನಡುವೆ ನಿಂತು, ಹಾಸ್ಟೆಲಿಗೆ ಬಿಟ್ಟುಬಂದ ಹುಡುಗನಂತೆ ಕಂಡಿತು. ನೂರು ಹೆಜ್ಜೆ ನಡೆಯುವಷ್ಟರಲ್ಲಿ ಮನಸ್ಸು ಹಗುರಾಯಿತು. ಎರಡು ವರ್ಷದಲ್ಲಿ ಮೊದಲ ಸಲ ಅವರು ಯಾವ ಸಪ್ಪಳಕ್ಕೂ ಕಿವಿಗೊಡದೆ ನಡೆಯುತ್ತಿದ್ದರು.

ಬಸ್ ಸ್ಟ್ಯಾಂಡಿನಲ್ಲಿ ಮಡಿವಾಳೆಪ್ಪ ಕಾಯುತ್ತ ನಿಂತಿದ್ದ. ಕಾರು ಗ್ಯಾರೇಜಿನಲ್ಲಿದೆ, ಇಂಜಿನ್ ಬಿಚ್ಚಿದ್ದಾರೆ, ಎಂಟು ದಿನ ಬೇಕಂತೆ ಅಂತ ಮಾಸ್ತರರು ಹೇಳಿದರು. ಮಡಿವಾಳೆಪ್ಪನ ಮುಖ ಸಣ್ಣದಾಯಿತು. ಯಾವ ಗ್ಯಾರೇಜು ಅಂತ ಕೇಳಿದ. ಸುಳ್ಳು ಹೇಳಿ ರೂಢಿಯಿಲ್ಲದ ಮಾಸ್ತರರ ಬಾಯಿಂದ ಹಣಮಂತಪ್ಪನ ಹೆಸರೇ ಬಂತು. ಮಡಿವಾಳೆಪ್ಪ ಟೋಪಿ ತೆಗೆದು ಮತ್ತೆ ಹಾಕಿಕೊಂಡು, ನೀವು ಮುಂದೆ ಹೋಗಿರಿ, ನಾನು ತಂಗಿಯ ಮನೆಗೆ ಇನ್ನೊಮ್ಮೆ ಹೋಗಿ ಆಮೇಲಿನ ಬಸ್ಸಿಗೆ ಬರುತ್ತೇನೆ ಅಂದ.

ಬಸ್ಸಿನಲ್ಲಿ ಮಾಸ್ತರರಿಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಡ್ರೈವರನು ಗೇರು ಬದಲಿಸಿದಾಗ ಬಸ್ಸು ನರಳಿತು. ನರಳಲಿ, ಇದರ ಕ್ಲಚ್ ಪ್ಲೇಟು ಸರಕಾರದ್ದು ಅಂತ ಅವರು ಸುಖವಾಗಿ ಕಣ್ಣು ಮುಚ್ಚಿದರು. ಮುನವಳ್ಳಿ ದಾಟಿದ್ದು ಅವರಿಗೆ ಗೊತ್ತಾಗಲಿಲ್ಲ.

ಮನೆಗೆ ಬಂದಾಗ ಆರು ಗಂಟೆ. ರಾಜೇಶ್ವರಿ ರೊಕ್ಕವನ್ನು ದೇವರ ಜಗಲಿಯ ಮೇಲಿಟ್ಟು ಕೈ ಮುಗಿದಳು. ಎಂಟು ಸಾವಿರ ಕಡಿಮೆ ಬಂದರೂ ಸೊಸೈಟಿ ಮುಟ್ಟಿಸಿ ಮೂರು ಸಾವಿರ ಉಳಿಯುತ್ತದೆ, ಸಾಕು ಅಂದಳು. ಎಷ್ಟೋ ದಿನದ ಮೇಲೆ ನೀರು ಬೆರೆಸದ ಹಾಲಿನ ಚಹಾ ಮಾಡಿದಳು. ಇಬ್ಬರೂ ಹೊಸ್ತಿಲ ಹತ್ತಿರ ಕುಳಿತು ಕುಡಿದರು. ಮನೆಯ ಮುಂದಿನ ಖಾಲಿ ಜಾಗ ಎಷ್ಟು ದೊಡ್ಡದಾಗಿತ್ತೆಂಬುದು ಅವರಿಗೆ ಮರೆತೇಹೋಗಿತ್ತು. ರಾಜೇಶ್ವರಿ ಅಲ್ಲಿ ತುಳಸಿಕಟ್ಟೆ ಕಟ್ಟಿಸುವ ಮಾತೆತ್ತಿದಳು.

ತುಳಸಿಕಟ್ಟೆಯ ಜಾಗಕ್ಕೆ ಸರಿಯಾಗಿ ಬಿಳಿ ಕಾರು ಬಂದು ನಿಂತಿತು.

ಸ್ಟೇರಿಂಗ್ ಹಿಡಿದವನು ಹಣಮಂತಪ್ಪನ ಅಂಗಳದ ಡ್ರೈವರ್. ಹಿಂದಿನ ಸೀಟಿನಿಂದ ಮಡಿವಾಳೆಪ್ಪ ಇಳಿದ. ಕಾರಿಗೆ ಹೂವಿನ ಸರ, ಅವನ ಹಣೆಗೆ ಗುಡಿಯ ಅರಿಷಿಣದ ಭಂಡಾರ. ಓಣಿಯ ಮಂದಿ ಒಬ್ಬೊಬ್ಬರಾಗಿ ನೆರೆದರು.

"ಗ್ಯಾರೇಜ ಅಂದ್ರಿ, ನೋಡಿ ಬರೂಣು ಅಂತ ಹೋದ್ನಿ," ಅಂದ ಮಡಿವಾಳೆಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಕಳವಳವಿತ್ತು. "ಗಾಡಿ ಮುಂದಿನ ಕಾಜಿನ ಮ್ಯಾಲೆ ಸುಣ್ಣಲೆ ರೇಟ ಬರದಿದ್ರು. ನಲವತ್ನಾಕು ಸಾವಿರ. ಮಾಸ್ತರ್ರ, ಅಷ್ಟು ಅಡಚಣಿ ಇತ್ತಂದ್ರ ನಮಗ ಒಂದು ಮಾತ ಹೇಳಬಾರದಾಗಿತ್ತೇನು? ಓಣಿ ಗಾಡಿ ಹೊರಗಿನವ್ರ ಪಾಲಾಗೂದು ನನಗ ನೋಡಾಕ ಆಗಲಿಲ್ಲ. ನಾನ ತಗೊಂಡೆ."

ನೆರೆದವರ ಬಾಯಿಂದ ಮೆಚ್ಚುಗೆಯ ಗುಜುಗುಜು ಎದ್ದಿತು. ಮಾಸ್ತರರಿಗೂ ಸಂತೋಷವೇ ಆಯಿತು. ಕಾರು ಅವನದು, ಅದರ ಕೆಮ್ಮು ಅವನದು, ಅದರ ಟಾಯರು ಅವನದು. ಒಳ್ಳೆಯದು ಮಾಡಿದಿರಿ ಅಂತ ಹೇಳಲು ಬಾಯಿ ತೆರೆದರು.

ಮಡಿವಾಳೆಪ್ಪ ಅವರ ಹೆಗಲ ಮೇಲೆ ಕೈಯಿಟ್ಟು ಒಂದಿಷ್ಟು ಬದಿಗೆ ಕರೆದ. ತಂಗಿಯ ಹತ್ತಿರ ಹತ್ತು ಸಾವಿರ ಇಸಿದುಕೊಂಡು ಮುಂಗಡ ಕೊಟ್ಟಿದ್ದನಂತೆ. ಉಳಿದದ್ದನ್ನು ಈ ಡ್ರೈವರನ ಕೈಯಲ್ಲಿ ಕಳಿಸುತ್ತೇನೆ ಅಂತ ಹಣಮಂತಪ್ಪನಿಗೆ ಮಾತು ಕೊಟ್ಟಿದ್ದನಂತೆ. ಅವನ ನಿವೃತ್ತಿಯ ರೊಕ್ಕ ಬರಲು ಇನ್ನೂ ಎರಡು ತಿಂಗಳು ಬೇಕು.

"ಉಳಿದದ್ದು ಮೂವತ್ನಾಕು. ನಿಮ್ಮ ಕೈಯಾಗ ಸರಿಯಾಗಿ ಅಷ್ಟ ಐತಿ ಅಂತ ಹಣಮಂತಪ್ಪನ ಹೇಳಿದ. ಸದ್ಯಕ್ಕ ಕೈಗಡಾ ಕೊಡ್ರಿ. ನನ್ನ ರೊಕ್ಕ ಬರೂತನಕ ಸೊಸೈಟಿ ಕಂತು ನಾ ತುಂಬತೇನಿ, ಎಲ್ಲಾರ ಮುಂದ ಹೇಳತೇನಿ."

ಎಲ್ಲರ ಮುಂದೆಯೇ ಹೇಳಿದ. ಎಲ್ಲರೂ ಮಾಸ್ತರರ ಕಡೆ ನೋಡಿದರು. ಮಾಸ್ತರರು ರಾಜೇಶ್ವರಿಯ ಕಡೆ ನೋಡಿದರು. ಅವಳು ಬಹಳ ಹೊತ್ತು ಅವರನ್ನೇ ನೋಡುತ್ತ ನಿಂತಳು, ಏನಾದರೊಂದು ಮಾತು ಹೊರಡುತ್ತದೆಯೋ ಎಂಬಂತೆ. ಮಾಸ್ತರರು ಕಣ್ಣು ಕೆಳಗಿಳಿಸಿದರು. ಅವಳು ಒಳಗೆ ಹೋಗಿ ಜಗಲಿಯ ಮೇಲಿನ ರೊಕ್ಕ ತಂದು ಗಂಡನ ಕೈಯಲ್ಲಿಟ್ಟಳು. ಗಂಡನ ಕೈಯಿಂದ ಅದು ಮಡಿವಾಳೆಪ್ಪನ ಕೈಗೆ, ಅವನ ಕೈಯಿಂದ ಡ್ರೈವರನ ಚೀಲಕ್ಕೆ ಹೋಯಿತು. ಡ್ರೈವರನು ಕೀಲಿಯನ್ನು ಮಡಿವಾಳೆಪ್ಪನಿಗೆ ಕೊಟ್ಟ. ಮಡಿವಾಳೆಪ್ಪ ಅದನ್ನು ಮಾಸ್ತರರಿಗೆ ಕೊಟ್ಟ.

"ನನಗೆಲ್ಲಿ ಹೊಡ್ಯಾಕ ಬರತೈತ್ರಿ? ನಮ್ಮ ಮನಿ ಮುಂದ ಗಟಾರ ಐತಿ, ನಿಲ್ಲಸಾಕ ಜಾಗಾನೂ ಇಲ್ಲ. ಗಾಡಿ ಇಲ್ಲೇ ಇರಲಿ, ನೀವ ಹೊಡೀರಿ. ನಾ ಬಾಡಿಗಿ ಕೇಳಾಂವ ಅಲ್ಲ. ಪೆಟ್ರೋಲ ಒಂದು ನೋಡಕೋರಿ, ಸಾಕು."

ಸವದತ್ತಿಗೆ ಹೋಗುವ ಬಸ್ಸು ಇನ್ನು ಕಾಲು ತಾಸಿಗೆ ಇತ್ತು. ಡ್ರೈವರನನ್ನು ಸ್ಟ್ಯಾಂಡಿಗೆ ಬಿಡಬೇಕಾಗಿತ್ತು. ಅವನು ಹಿಂದೆ ಕುಳಿತ, ಮಡಿವಾಳೆಪ್ಪ ಅವನ ಬಗಲಿಗೆ ಕಾಲು ಚಾಚಿ ಕುಳಿತ. ಟಾಕಿಯ ಮುಳ್ಳು ಕೆಂಪು ಗೆರೆಯ ಮೇಲಿತ್ತು. ರಾಜೇಶ್ವರಿ ಹಾಲಿನವನಿಗೆಂದು ತೆಗೆದಿಟ್ಟಿದ್ದ ನೂರರ ನೋಟನ್ನು ತಂದು ಗಂಡನ ಕಿಸೆಯಲ್ಲಿ ತುರುಕಿದಳು. ಮಾಸ್ತರರು ಒಳಗೆ ಕುಳಿತು ಬಾಗಿಲು ಎಳೆದುಕೊಂಡರು. ದಿನವಿಡೀ ದಣಿದ ಕೈ, ಸಪ್ಪಳ ಒಂದಿಷ್ಟು ಜೋರಾಗಿಯೇ ಆಯಿತು.

ಹಿಂದಿನಿಂದ ಮಡಿವಾಳೆಪ್ಪನ ದನಿ ಬಂತು.

"ಬಾಗಲಾ ಸಾವಕಾಶ ಹಾಕ್ರಿ ಮಾಸ್ತರ್ರ. ಗಾಡಿ ನಂದೈತಿ."