ಎಲ್ಲರೂ ಒಪ್ಪಿದ ಕ್ಯಾರವಾನ್

ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ನಮ್ಮ ಫ್ಲ್ಯಾಟಿನಲ್ಲಿ ಆ ಶನಿವಾರ ಬೆಳಿಗ್ಗೆ ಐದು ಜನ ಇದ್ದೆವು. ನಾನು, ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನನ್ನ ಹೆಂಡತಿ ವಸಂತಿ, ಬರ್ ದುಬೈಯಲ್ಲಿ ಬಟ್ಟೆಯಂಗಡಿ ನೋಡಿಕೊಳ್ಳುವ ಅವಳ ಅಣ್ಣ ಸುಧಾಕರ ಭಾವ, ಹೋಟೆಲಿನ ಅಡುಗೆಮನೆಯಲ್ಲಿ ದೊಡ್ಡ ಹುದ್ದೆಯಲ್ಲಿರುವ, ನಾವೆಲ್ಲ ಪ್ರೀತಿಯಿಂದ ಪೊರ್ಬುಗಳೇ ಎಂದು ಕರೆಯುವ ಎದುರು ಫ್ಲ್ಯಾಟಿನ ಲಾರೆನ್ಸ್, ಮತ್ತು ಕಿವಿಗೆ ಏನನ್ನೋ ಸಿಕ್ಕಿಸಿಕೊಂಡು ಕೂತಿದ್ದ ಮಗಳು ದಿಶಾ. ಅವಳು ಇದ್ದೂ ಇಲ್ಲದವಳಾದ್ದರಿಂದ ನಾಲ್ಕೂವರೆ ಜನ ಎಂದರೂ ತಪ್ಪಿಲ್ಲ. ನಡುವೆ ಒಂದು ತಟ್ಟೆ ಗೋಳಿಬಜೆ.

"ನನಗೆ ಹತ್ತು ದಿನ ರಜೆ ಸಿಕ್ಕಿತು," ಎಂದಳು ವಸಂತಿ.

"ಒಳ್ಳೇದಾಯ್ತು! ಊರಲ್ಲಿ ಚಿಕ್ಕಪ್ಪನ ಮಗನ ಗೃಹಪ್ರವೇಶ ಉಂಟು," ಎಂದರು ಭಾವ.

"ಈ ಸಲ ಊರಿಲ್ಲ ಅಣ್ಣ. ನನ್ನ ರಜೆ ಎಲ್ಲಾ ಬೇರೆಯವರ ಮದುವೆ, ಮುಂಜಿ, ಆಪರೇಷನ್ನಿಗೇ ಹೋಯ್ತು. ಇಪ್ಪತ್ತೊಂದು ವರ್ಷ ಆಯ್ತು ಮರುಭೂಮಿಗೆ ಬಂದು. ಮರಳು ಅಂತ ನಾನು ನೋಡಿದ್ದು ಬಾಲ್ಕನಿಯಲ್ಲಿ ಗುಡಿಸಿದ್ದು ಮಾತ್ರ. ಒಂದು ಕ್ಯಾರವಾನ್ ಬಾಡಿಗೆಗೆ ಹಿಡಿದು ಲಿವಾ ದಾಟಿ ಹೋಗುವಾ. ಬಿಲ್ಡಿಂಗು, ಜನ ಯಾವುದೂ ಇಲ್ಲದ ದಾರಿ. ಎಲ್ಲಿ ಚಂದ ಕಾಣ್ತದೋ ಅಲ್ಲಿ ನಿಲ್ಲಿಸಿ ಮಲಗುವಾ. ಇಂಥ ರಜೆ ಇನ್ನು ಯಾವಾಗ ಸಿಕ್ತದೋ ದೇವರಿಗೇ ಗೊತ್ತು."

ನಾನು ಎದೆಯುಬ್ಬಿಸಿ ಹೇಳಿದೆ: "ಕ್ಯಾರವಾನ್ ಆರಿಸುವ ಕೆಲಸ ನನಗೆ ಬಿಡು!"

ಬಿಟ್ಟಳು. ಈ ಇಡೀ ಪ್ರಕರಣದಲ್ಲಿ ಅವಳು ಮಾಡಿದ ತಪ್ಪು ಅದೊಂದೇ. ಉಳಿದವೆಲ್ಲ ನನ್ನವು.

ನಮ್ಮವರಲ್ಲಿ ಒಂದು ಪ್ರೆಶರ್ ಕುಕ್ಕರ್ ಕೊಳ್ಳುವುದಕ್ಕೂ ನಾಲ್ಕು ಮನೆಗೆ ಫೋನು ಹೋಗಬೇಕು. ಹೋಗದಿದ್ದರೆ "ನನ್ನನ್ನು ಒಂದು ಮಾತು ಕೇಳಬಾರದಿತ್ತಾ?" ಎಂಬ ಪ್ರಶ್ನೆ ಮುಂದಿನ ಹತ್ತು ವರ್ಷ ಪ್ರತಿ ಊಟದ ಎಲೆಯ ಬದಿಯಲ್ಲಿ ಉಪ್ಪಿನಂತೆ ಬಡಿಸಲ್ಪಡುತ್ತದೆ. ಕೇಳಿ ಮಾಡಿದ ಕೆಲಸ ಕೆಡುವುದಿಲ್ಲ ಎಂದು ನನ್ನ ಅಜ್ಜ ಹೇಳುತ್ತಿದ್ದರು. ಎಷ್ಟು ಜನರನ್ನು ಕೇಳಬೇಕೆಂದು ಹೇಳುವ ಮೊದಲೇ ತೀರಿಕೊಂಡರು. ಆದಕಾರಣ ನಾನು ಭಾವನವರನ್ನೂ ಪೊರ್ಬುಗಳನ್ನೂ ಸೇರಿಸಿ ಒಂದು ಉನ್ನತ ಮಟ್ಟದ ಆಯ್ಕೆ ಸಮಿತಿಯನ್ನು ರಚಿಸಿದೆ. ಇಬ್ಬರೂ ಪ್ರವಾಸಕ್ಕೆ ಬರುವವರಲ್ಲ. ಅದು ಅವರ ಉತ್ಸಾಹಕ್ಕೆ ಅಡ್ಡಿಯಾಗಲಿಲ್ಲ.

ಇಬ್ಬರಿಗೂ ಬಿಡುವಾದದ್ದು ಮುಂದಿನ ಶನಿವಾರ. ಅಂದರೆ ವಸಂತಿಯ ರಜೆಯ ಮೊದಲ ದಿನ. ಊರ ಹೊರಗಿನ ಯಾರ್ಡೊಂದರಲ್ಲಿ ಕ್ಯಾರವಾನುಗಳು ಸಾಲಾಗಿ, ತಲೆ ತಗ್ಗಿಸಿ, ಹೆಣ್ಣು ನೋಡುವ ಶಾಸ್ತ್ರಕ್ಕೆ ಕೂತಂತೆ ನಿಂತಿದ್ದವು. ಗಂಡಿನ ಕಡೆಯವರ ಗತ್ತಿನಲ್ಲಿ ನಾವು ಇಳಿದೆವು. ಯಾರ್ಡಿನ ನಾಸರ್ ಕಾಸರಗೋಡಿನವನು, ಕನ್ನಡ ಬಲ್ಲವನು. ಪಾಪ, ಆ ಕಾರಣಕ್ಕೇ ನಮ್ಮ ಒಂದು ಮಾತೂ ಅವನ ಕಿವಿ ತಪ್ಪಲಿಲ್ಲ.

ಮೊದಲನೆಯ ಕ್ಯಾರವಾನಿನ ಮುಂದೆ ಭಾವ ಮೊಬೈಲಿನಲ್ಲಿ ದಿಕ್ಸೂಚಿ ತೆರೆದರು. ಮುಖ ಕಪ್ಪಾಯಿತು.

"ಬಾಗಿಲು ದಕ್ಷಿಣಕ್ಕೆ ಉಂಟು!"

"ಸಾರ್, ಇದಕ್ಕೆ ಚಕ್ರ ಉಂಟು," ಎಂದ ನಾಸರ್.

"ಇರಲಿ. ಮೊದಲು ನೋಡುವಾಗ ಯಾವ ದಿಕ್ಕಿಗೆ ಉಂಟು, ಅದೇ ಮುಖ್ಯ."

"ಮಾಮ, ಇಟ್ಸ್ ಅ ವೆಹಿಕಲ್!" ಎಂದಳು ದಿಶಾ, ಕಿವಿಯಿಂದ ಒಂದು ಬದಿಯದನ್ನು ಮಾತ್ರ ತೆಗೆದು.

"ನೀನು ಸುಮ್ಮನಿರು ಮಗಾ, ದೊಡ್ಡವರು ಮಾತಾಡ್ತಾ ಇದ್ದೇವೆ."

ಎರಡನೆಯದರ ಬಾಗಿಲು ಪೂರ್ವಕ್ಕಿತ್ತು. ಆದರೆ ಒಲೆಗೂ ಕಕ್ಕಸಿಗೂ ನಡುವೆ ಒಂದೇ ಹಲಗೆ! ಭಾವ ಮೂಗು ಮುಚ್ಚಿಕೊಂಡು ಹೊರಬಂದರು. ಅದಿನ್ನೂ ಯಾರೂ ಉಪಯೋಗಿಸದ ಹೊಸ ಗಾಡಿ.

ಪೊರ್ಬುಗಳು ಒಲೆ ಪರೀಕ್ಷಿಸಿದರು. "ಇಷ್ಟು ಸಣ್ಣ ಒಲೆಯಲ್ಲಿ ಇಪ್ಪತ್ತು ಜನಕ್ಕೆ ಚಾ ಹೇಗೆ ಮಾಡ್ತೀರಿ ಮಾರಾಯ್ರೆ?"

"ನಾವು ಮೂರೇ ಜನ."

"ಜನ ಸೇರ್ತಾರೆ. ನಮ್ಮವರು ಎಲ್ಲಿ ಇಲ್ಲ ಹೇಳಿ?"

ಜನರೇ ಇಲ್ಲದ ಕಡೆ ಹೋಗಬೇಕೆಂಬುದು ವಸಂತಿಯ ಆಸೆ ಎಂದು ನೆನಪಿಸಬೇಕಾದವನು ನಾನು. ನಾನು ಏನು ಮಾಡಿದೆ? ಗಂಭೀರವಾಗಿ "ಹೌದಲ್ಲ!" ಎಂದೆ. ಪೊರ್ಬುಗಳು ಮಂಚದ ಉದ್ದ ನೋಡಲು ಮಲಗಿದರು. ಕಾಲು ಹೊರಗೆ ಬಂತು. ಐದು ನಿಮಿಷದಲ್ಲಿ ಗೊರಕೆಯೂ ಬಂತು. ಎಚ್ಚರವಾದ ಮೇಲೆ "ಈ ಮಂಚದಲ್ಲಿ ನಿದ್ರೆ ಬರುದಿಲ್ಲ," ಎಂದು ತೀರ್ಪು ಕೊಟ್ಟರು!

ಅಷ್ಟರಲ್ಲಿ ವಸಂತಿ ಕಾಣಿಸಲಿಲ್ಲ. ಸಾಲಿನ ಕೊನೆಯಲ್ಲಿದ್ದ ಸಣ್ಣ ಕ್ಯಾರವಾನಿನೊಳಗೆ ಒಬ್ಬಳೇ ಕೂತಿದ್ದಳು. ಚಪ್ಪಲಿ ಹೊರಗೆ ಬಿಟ್ಟಿದ್ದಳು, ತನ್ನದೇ ಮನೆ ಎಂಬಂತೆ. "ಇದು ಸಾಕು ನೋಡಿ. ನಾಳೆಯೇ ಹೊರಡುವಾ," ಎಂದಳು. ಅವಳ ಮುಖ ಅಷ್ಟು ಸಡಿಲವಾದದ್ದನ್ನು ನಾನು ನೋಡಿ ಬಹಳ ವರ್ಷವಾಗಿತ್ತು.

"ಇದಾ? ಬೆಂಕಿಪೊಟ್ಟಣ!" ಎಂದರು ಭಾವ ಹೊರಗಿನಿಂದ. "ಗ್ರೈಂಡರ್ ಎಲ್ಲಿ ಇಡ್ತೀರಿ?"

ಮರುಭೂಮಿಗೆ ಗ್ರೈಂಡರ್ ಯಾಕೆ ಎಂದು ನಾನು ಕೇಳಲಿಲ್ಲ. "ಒಂದು ದಿನ ಯೋಚನೆ ಮಾಡುವಾ," ಎಂದೆ. ವಸಂತಿ ಚಪ್ಪಲಿ ಹಾಕಿಕೊಂಡಳು.

ಮರುದಿನ ಯೋಚಿಸಿದೆವು. ಸೋಮವಾರ ನಾನು ಫೋನು ಮಾಡಿದಾಗ ಅದನ್ನು ಬೇರೆ ಯಾರೋ ತೆಗೆದುಕೊಂಡು ಹೋಗಿ ಆಗಿತ್ತು. "ಅವರು ಹೆಚ್ಚು ನೋಡ್ಲಿಲ್ಲ ಸಾರ್," ಎಂದ ನಾಸರ್. ಸಮಿತಿ ತಿರಸ್ಕರಿಸದೆ ಉಳಿದಿದ್ದದ್ದು ಒಂದೇ: ಎರಡು ಕೋಣೆ, ಆರು ಹಾಸಿಗೆ, ನಾಲ್ಕು ಒಲೆಯ ಒಂದು ಅರಮನೆ. ಕಕ್ಕಸು ಒಲೆಯಿಂದ ದೂರ. ಬಾಗಿಲು ಪೂರ್ವಕ್ಕೆ. ಸಮಿತಿ ಸರ್ವಾನುಮತದಿಂದ ಅಂಗೀಕರಿಸಿತು. ವಸಂತಿಯ ಮೌನವನ್ನು ನಾನು ಸಮ್ಮತಿಯ ಖಾತೆಗೆ ಹಾಕಿದೆ.

ಮಂಗಳವಾರ ಕಾಗದಕ್ಕೆ ಸಹಿ ಹಾಕುವಾಗ ನಾಸರ್ ಕೇಳಿದ: "ಇದಕ್ಕೆ ಎಂಜಿನ್ ಇಲ್ಲವಲ್ಲ, ಎಳೆಯುವ ಗಾಡಿ ಯಾವುದು ಸಾರ್?"

ಎಲ್ಲರೂ ಹೊರಗೆ ನಿಂತಿದ್ದ ನನ್ನ ಸಣ್ಣ ಕಾರನ್ನು ನೋಡಿದೆವು. ಅದೂ ಕ್ಯಾರವಾನನ್ನು ನೋಡಿತು. ದಿಕ್ಕು ಕೇಳಿದವರಿದ್ದರು, ಒಲೆ ಕೇಳಿದವರಿದ್ದರು. ಇದನ್ನು ಯಾರೂ ಕೇಳಿರಲಿಲ್ಲ!

ಭಾವ ಗೆಳೆಯರೊಬ್ಬರ ದೊಡ್ಡ ಗಾಡಿಯನ್ನು ಬೇಡಿ ತರುವಾಗ ಬುಧವಾರವಾಯಿತು. ರಜೆಯ ಐದನೆಯ ದಿನ. ನಾಸರ್ ಹಿಂದಕ್ಕೆ ಹೇಗೆ ತೆಗೆಯಬೇಕೆಂದು ತೋರಿಸಿಕೊಟ್ಟ. ಸ್ಟಿಯರಿಂಗ್ ಬಲಕ್ಕೆ ತಿರುಗಿಸಿದರೆ ಕ್ಯಾರವಾನ್ ಎಡಕ್ಕೆ ಹೋಗುತ್ತದಂತೆ. ನಾನು ತಲೆಯಾಡಿಸಿದೆ. ಅರ್ಥವಾಗದೆ ತಲೆಯಾಡಿಸುವುದರಲ್ಲಿ ನನಗೆ ಇಪ್ಪತ್ತು ವರ್ಷದ ಆಫೀಸಿನ ಅನುಭವವಿದೆ.

"ಸಿಟಿ ಒಳಗೆ ಮಾತ್ರ ಹೋಗ್ಬೇಡಿ ಸಾರ್. ಇಲ್ಲಿಂದಲೇ ಸೀದಾ ಹೈವೇ ಹಿಡೀರಿ."

"ಅದೆಂತದು? ಮನೆಬಾಗಿಲಲ್ಲಿ ಪೂಜೆ ಆಗಿ, ಪೂರ್ವಕ್ಕೆ ಮುಖ ಮಾಡಿ ಹೊರಡುದು ಬೇಡ್ವಾ?" ಎಂದರು ಭಾವ.

ನಮ್ಮ ಬಿಲ್ಡಿಂಗಿನ ಹಿಂದೆ ಒಂದು ಓಣಿಯಿದೆ. ಎರಡೂ ಬದಿ ಕಾರುಗಳು, ಒಂದು ಗ್ರೋಸರಿ, ಒಂದು ಲಾಂಡ್ರಿ. ಅಲ್ಲಿಗೆ ಅರಮನೆ ಚಿತ್ತೈಸಿತು. ಗ್ರೈಂಡರ್, ಅಕ್ಕಿ, ಕೊಬ್ಬರಿ ಎಣ್ಣೆ, ಪೊರ್ಬುಗಳು ಕೊಟ್ಟ ಒಂದು ದೊಡ್ಡ ಚಾ ಪಾತ್ರೆ, ಎಲ್ಲ ಒಳಗೆ ಹೋದವು. ಚಕ್ರಕ್ಕೆ ನಿಂಬೆಹಣ್ಣು ಇಟ್ಟೆವು. ಪೂರ್ವಕ್ಕೆ ಮುಖ ಮಾಡಲು ನಾನು ಸ್ಟಿಯರಿಂಗ್ ತಿರುಗಿಸಿದೆ.

ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಕ್ಯಾರವಾನಿನ ಮೂಗು ದೀಪದ ಕಂಬಕ್ಕೆ, ಬೆನ್ನು ಗ್ರೋಸರಿಯ ಗೋಡೆಗೆ. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ!

"ಯಲ್ಲಾ, ಲೆಫ್ಟ್! ಲೆಫ್ಟ್!" ಎಂದಿತು ಲಾಂಡ್ರಿ. "ರೈಟ್, ಭಾಯಿ, ರೈಟ್!" ಎಂದಿತು ಗ್ರೋಸರಿ. ನಾಲ್ಕು ಮಹಡಿಗಳ ಬಾಲ್ಕನಿಯಿಂದ ನಾಲ್ಕು ಭಾಷೆಗಳಲ್ಲಿ ಸಲಹೆ ಸುರಿಯಿತು. ನಾನು ಯಾರ ಮಾತನ್ನೂ ಮೀರುವವನಲ್ಲವಲ್ಲ! ಎಲ್ಲವನ್ನೂ ಪಾಲಿಸಿದೆ. ಒಂದೊಂದು ಸಲಹೆಗೂ ಒಂದೊಂದು ಗೀರು ಬಿತ್ತು. ಹಿಂದೆ ಕಸದ ಲಾರಿ ಬಂದು ನಿಂತು ಹಾರ್ನ್ ಹೊಡೆಯಿತು. ಕೊನೆಗೆ "ಖಲಾಸ್!" ಎಂದು ಯಾರೋ ಕೂಗಿದರು. ಅದೊಂದು ಮಾತ್ರ ಸರಿಯಾದ ಸಲಹೆ.

ಗಲಾಟೆ ಕೇಳಿ ಬಂದ ಪೊಲೀಸ್ ಬಹಳ ಸಭ್ಯವಾಗಿ ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿದ. "ಲಿವಾ," ಎಂದೆ. ಆತ ಕ್ಯಾರವಾನನ್ನು ನೋಡಿದ, ಗೋಡೆಯನ್ನು ನೋಡಿದ, ನನ್ನನ್ನು ನೋಡಿದ. ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಮೂರು ಗಂಟೆ ಬಿಟ್ಟು ನಾಸರ್ ಬಂದ. ನಾಲ್ಕು ನಿಮಿಷದಲ್ಲಿ ಬಿಡಿಸಿದ. ಅಷ್ಟರಲ್ಲಿ ಒಂದು ಬದಿ ತಗಡು ಸುಲಿದು, ಬಾಗಿಲಿನ ಚೌಕಟ್ಟು ಸೊಟ್ಟಗಾಗಿತ್ತು. ಬಾಗಿಲು ಪೂರ್ವಕ್ಕೇ ಇತ್ತು. ತೆರೆಯುತ್ತಿರಲಿಲ್ಲ, ಅಷ್ಟೆ! ಗ್ರೈಂಡರ್ ಸಮೇತ ಅರಮನೆ ಯಾರ್ಡಿಗೆ ಮರಳಿತು. ಚಳಿಗಾಲ; ಬೇರೆ ಯಾವ ಕ್ಯಾರವಾನೂ ಎಲ್ಲೂ ಖಾಲಿ ಇರಲಿಲ್ಲ.

"ಸಣ್ಣದೇ ಸಾಕಿತ್ತು. ನನ್ನನ್ನು ಸರಿಯಾಗಿ ಒಂದು ಮಾತು ಕೇಳ್ಬೇಕಿತ್ತು ಭಾವ," ಎಂದರು ಸುಧಾಕರ ಭಾವ.

"ನಾನೂ ಅದೇ ಹೇಳುವವ," ಎಂದರು ಪೊರ್ಬುಗಳು.

ವಸಂತಿ ಚೀಲ ಕಾಲಬಳಿ ಇಟ್ಟುಕೊಂಡು ಬಿಲ್ಡಿಂಗಿನ ಮೆಟ್ಟಿಲ ಮೇಲೆ ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಬೈಯಿ," ಎಂದೆ.

"ಬೈಲಿಕ್ಕೆ ಎಂತ ಉಂಟು? ನಿಮಗೆ ನನ್ನ ಮಾತು ಕೇಳ್ತದೆ. ಎಲ್ಲರ ಮಾತು ಮುಗಿದ ಮೇಲೆ."

ಇಷ್ಟು ಹೇಳಿ ಅವಳು ಫೋನು ತೆಗೆದು ಆಸ್ಪತ್ರೆಗೆ ಹೇಳಿದಳು: ಉಳಿದ ರಜೆ ಬೇಡ, ನಾಳೆ ಡ್ಯೂಟಿಗೆ ಬರುತ್ತೇನೆ. ನಾನು ಅವಳ ಚೀಲ ಎತ್ತಿಕೊಂಡು ಲಿಫ್ಟಿನ ಕಡೆ ನಡೆದೆ.

ಮುಂದಿನ ಚಳಿಗಾಲದಲ್ಲಿ ಅವಳಿಗೆ ನಾಲ್ಕು ದಿನ ರಜೆ ಸಿಕ್ಕಿತು. ಅವಳ ಜೊತೆ ಕೆಲಸ ಮಾಡುವ ಇಬ್ಬರು ನರ್ಸುಗಳು ಒಂದು ಸಣ್ಣ ಕ್ಯಾರವಾನ್ ಹಿಡಿದಿದ್ದರು. ಯಾವುದು, ಎಂಥದು ಎಂದು ನನ್ನನ್ನು ಯಾರೂ ಕೇಳಲಿಲ್ಲ. ಬೆಳಿಗ್ಗೆ ಆರಕ್ಕೆ ರಸ್ತೆಯಲ್ಲಿ ಬಂದು ನಿಂತರು. ವಸಂತಿ, ದಿಶಾ ಇಬ್ಬರೂ ಹತ್ತಿದರು. ನಾನು ಚೀಲ ಎತ್ತಿ ಕೊಟ್ಟೆ.

"ಸಾರು ಫ್ರಿಜ್ಜಿನಲ್ಲಿ ಉಂಟು. ಬಿಸಿ ಮಾಡಿಕೊಳ್ಳಿ," ಎಂದಳು.

ಗಾಡಿ ಹೋಯಿತು. ನಾನು ಲಿಫ್ಟಿನಲ್ಲಿ ಮೇಲೆ ಬಂದೆ.